ಹೃದ್ರೋಗ ಜರ್ನಲ್‌ನಿಂದ ತಿದ್ದುಪಡಿಗೆ ಮರಳಿದ ಲೇಖನ: ಉತ್ತರ ಬರೆಯಬೇಕೇ, ಬೇರೆಡೆಗೆ ಕಳಿಸಬೇಕೇ?

ಸ್ನಾತಕೋತ್ತರ ವಿದ್ಯಾರ್ಥಿನಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ಜನರಲ್ ಮೆಡಿಸಿನ್ ವಿಭಾಗದಲ್ಲಿ ಎಂ.ಡಿ. ಕೊನೆಯ ವರ್ಷ ಓದುತ್ತಿದ್ದೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯಿಂದ ಹೃದಯಾಘಾತವಾಗಿ ನಮ್ಮ ಕ್ಯಾಜುಯಲ್ಟಿಗೆ ಬರುವವರು ಎದೆನೋವು ಶುರುವಾದ ಎಷ್ಟು ಹೊತ್ತಿಗೆ ಬರುತ್ತಾರೆ, ತಡವಾಗುವುದು ಎಲ್ಲಿ ಮತ್ತು ಯಾಕೆ ಎಂಬುದು ನನ್ನ ಥೀಸಿಸ್‌ನ ವಿಷಯ. ಅದನ್ನು ಲೇಖನವಾಗಿ ಇಳಿಸಿ, ಗೈಡ್ ಅವರ ಒಪ್ಪಿಗೆ ಪಡೆದು, ಸಹತಜ್ಞರ ಪರಿಶೀಲನೆ ನಡೆಸುವ ಹೃದ್ರೋಗ ಜರ್ನಲ್ ಒಂದಕ್ಕೆ ಕಳಿಸಿದ್ದೆ. ಬಹಳ ದಿನಗಳ ಮೇಲೆ ಸಂಪಾದಕರ ಪತ್ರ ಬಂದಿದೆ. ತಿರಸ್ಕರಿಸಿಲ್ಲ, ಆದರೆ ಮೇಜರ್ ರಿವಿಜನ್, ಅಂದರೆ ದೊಡ್ಡ ತಿದ್ದುಪಡಿ, ಕೇಳಿದ್ದಾರೆ.

ಮೊದಲನೆಯ ಪರಿಶೀಲಕರ ಪ್ರಶ್ನೆ, ನೋವು ಆರಂಭವಾದ ಸಮಯವನ್ನು ಹೇಗೆ ಗುರುತಿಸಿದಿರಿ ಎಂಬುದು. ನಮ್ಮ ರೋಗಿಗಳಲ್ಲಿ ಬಹಳಷ್ಟು ಜನ ಗಡಿಯಾರದ ಸಮಯ ಹೇಳುವುದಿಲ್ಲ. 'ದನಾ ಮನೀಗೆ ಬರೂ ಹೊತ್ತಿಗೆ ಎದಿ ಹಿಡದಂಗಾತ್ರಿ' ಎಂದು ಒಬ್ಬರು ಹೇಳಿದ್ದನ್ನು ಪ್ರೊಫಾರ್ಮಾದಲ್ಲಿ (ರೋಗಿಯ ಮಾಹಿತಿ ತುಂಬುವ ನಮೂನೆಯಲ್ಲಿ) ಸಂಜೆ 6.30 ಎಂದು, 'ರೊಟ್ಟಿ ಬಡಿಯೂ ಮುಂದ' ಎಂದು ಮತ್ತೊಬ್ಬರು ಹೇಳಿದ್ದನ್ನು ಬೆಳಿಗ್ಗೆ 7 ಎಂದು ಬರೆದುಕೊಂಡಿದ್ದೇನೆ. ಅದೇ ಪರಿಶೀಲಕರ ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು: ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡವರು ನಿಮ್ಮ ಲೆಕ್ಕದಲ್ಲಿ ಎಲ್ಲಿದ್ದಾರೆ? ಎರಡನೆಯ ಪರಿಶೀಲಕರಂತೂ ಫಲಿತಾಂಶವನ್ನು ತಾಲ್ಲೂಕುವಾರು, ವಯಸ್ಸುವಾರು, ಗಂಡು–ಹೆಣ್ಣು ಎಂದು ವಿಂಗಡಿಸಿ ಮತ್ತೆ ಬರೆಯಿರಿ ಎಂದಿದ್ದಾರೆ.

ಈ ನಡುವೆ ಬೇರೊಂದು ಜರ್ನಲ್‌ನಿಂದ ಮೇಲ್ ಬಂದಿದೆ. ಶುಲ್ಕ ಕಟ್ಟಿದರೆ ಒಂದು ವಾರದೊಳಗೆ ಪ್ರಕಟಿಸುತ್ತಾರಂತೆ. ಪರೀಕ್ಷೆ ಹತ್ತಿರವಿದೆ. ಹಿರಿಯರ ಅಭಿಪ್ರಾಯ ತಿಳಿಯಬಯಸುತ್ತೇನೆ.

ಸೀನಿಯರ್ ರೆಸಿಡೆಂಟ್, ಬಾಗಲಕೋಟೆ

ನಾನೂ ಇದೇ ಹಾದಿಯಲ್ಲಿ ಬಂದವನು, ಆದ್ದರಿಂದ ವ್ಯಾವಹಾರಿಕವಾಗಿ ಹೇಳುತ್ತೇನೆ. ಪರೀಕ್ಷೆಯ ವರ್ಷದಲ್ಲಿ ವಾರ್ಡ್ ಡ್ಯೂಟಿ ಮುಗಿಸಿ ರಾತ್ರಿ ಕೂತು ಪರಿಶೀಲಕರಿಗೆ ಉತ್ತರ ಬರೆಯುವುದು ಸುಲಭವಲ್ಲ, ಮತ್ತು ಅಷ್ಟು ಮಾಡಿದ ಮೇಲೂ ಲೇಖನ ಸ್ವೀಕೃತವಾಗುತ್ತದೆ ಎಂಬ ಖಾತ್ರಿ ಇಲ್ಲ. ಥೀಸಿಸ್ ಹೇಗೂ ವಿಶ್ವವಿದ್ಯಾಲಯಕ್ಕೆ ಸಲ್ಲಿಕೆಯಾಗುತ್ತದೆ. ಪ್ರಕಟಣೆ ಎಂಬುದು ಕಡತಕ್ಕೆ ಬೇಕಾಗಿರುವುದಾದರೆ, ಬೇಗ ಆಗುವ ಕಡೆ ಮುಗಿಸಿಬಿಡುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಶುಲ್ಕದ ವಿಷಯದಲ್ಲಿ ಮಾತ್ರ ವಿಚಾರಿಸಿಕೊಳ್ಳಿ.

ಹೃದ್ರೋಗ ತಜ್ಞ, ಬೆಳಗಾವಿ

ಬಾಗಲಕೋಟೆಯ ಡಾಕ್ಟರರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ಅವರ ಸಲಹೆಯನ್ನು ಒಪ್ಪಲಾರೆ. ಮೊದಲು ಎಚ್ಚರಿಕೆಯ ಮಾತನ್ನು ಹೇಳಿಬಿಡುತ್ತೇನೆ. ಒಂದು ಜರ್ನಲ್‌ನಲ್ಲಿ ಪರಿಶೀಲನೆಯಲ್ಲಿರುವ ಲೇಖನವನ್ನು ಹಿಂದಕ್ಕೆ ಪಡೆಯದೆ ಇನ್ನೊಂದಕ್ಕೆ ಕಳಿಸುವಂತಿಲ್ಲ. ಒಮ್ಮೆ ಎಲ್ಲಿಯಾದರೂ ಅಚ್ಚಾದರೆ ಅದೇ ಲೇಖನವನ್ನು ಮುಂದೆ ಒಳ್ಳೆಯ ಜರ್ನಲ್‌ಗೆ ಕೊಡುವಂತೆಯೂ ಇಲ್ಲ. ವಾರದೊಳಗೆ ಪ್ರಕಟಿಸುತ್ತೇವೆ ಎನ್ನುವವರು ಲೇಖನವನ್ನು ಯಾರಿಗೂ ಓದಲು ಕೊಡುವುದಿಲ್ಲ. ನಿಜವಾದ ಪರಿಶೀಲನೆಯಲ್ಲಿ ಸಂಪಾದಕರು ಮೊದಲು ತಾವು ಓದಿ, ಆ ವಿಷಯದಲ್ಲಿ ಕೆಲಸ ಮಾಡಿದ ಇಬ್ಬರನ್ನೋ ಮೂವರನ್ನೋ ಹುಡುಕಿ, ಅವರು ಒಪ್ಪಿದ ಮೇಲೆ ಕಳಿಸುತ್ತಾರೆ. ಅವರು ಬಹುಮಟ್ಟಿಗೆ ಸಂಭಾವನೆಯಿಲ್ಲದೆ, ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಓದುವವರು. ವಾರದ ಮಾತು ಅಲ್ಲಿ ಹೊಂದುವುದೇ ಇಲ್ಲ. ಆ ಮೇಲ್‌ನ ಜರ್ನಲ್ ಡಿಒಎಜೆ ಎಂಬ ಮುಕ್ತ ಜರ್ನಲ್‌ಗಳ ಪಟ್ಟಿಯಲ್ಲಿದೆಯೇ, ಮೆಡ್‌ಲೈನ್ ಎಂಬ ವೈದ್ಯಕೀಯ ಲೇಖನಗಳ ಸೂಚಿಯಲ್ಲಿ ಸೇರಿದೆಯೇ, ಸಂಪಾದಕ ಮಂಡಳಿಯಲ್ಲಿ ಹೆಸರಿರುವವರಿಗೆ ತಮ್ಮ ಹೆಸರು ಅಲ್ಲಿರುವುದು ಗೊತ್ತಿದೆಯೇ ಎಂದು ನೋಡಿ. ಹೆಸರಾಂತ ಜರ್ನಲ್‌ನ ಹೆಸರನ್ನೇ ಒಂದು ಪದ ಬದಲಿಸಿ ಇಟ್ಟುಕೊಂಡವರೂ ಇದ್ದಾರೆ, ಆದ್ದರಿಂದ ಪ್ರತಿ ಜರ್ನಲ್‌ನ ಗುರುತಾದ ಐಎಸ್‌ಎಸ್‌ಎನ್ ಸಂಖ್ಯೆಯನ್ನೂ ತಾಳೆ ನೋಡಬೇಕು.

ಇನ್ನು ನಿಮ್ಮ ಲೇಖನದ ವಿಷಯ. ಭಾರತದ ಹೃದಯಾಘಾತದ ರೋಗಿಗಳ ಬಗ್ಗೆ ನಾವೆಲ್ಲ ಉದಾಹರಿಸುವ ಕ್ರಿಯೇಟ್ ಎಂಬ ಅಧ್ಯಯನ 2008ರಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಜರ್ನಲ್‌ನಲ್ಲಿ ಬಂತು. 50 ನಗರಗಳ 89 ಆಸ್ಪತ್ರೆಗಳ 20,468 ರೋಗಿಗಳ ದಾಖಲೆ ಅದು. ನೋವು ಶುರುವಾಗಿ ಆಸ್ಪತ್ರೆ ಸೇರುವವರೆಗಿನ ಮಧ್ಯಮಾಂಕ (ಅರ್ಧ ಜನ ಇದಕ್ಕಿಂತ ಬೇಗ, ಅರ್ಧ ಜನ ತಡ) 360 ನಿಮಿಷ, ಅಂದರೆ ಆರು ಗಂಟೆ ಎಂದು ಅದು ತೋರಿಸಿತು. ಇದು ನಗರಗಳ ಆಸ್ಪತ್ರೆಗಳಿಗೆ ಬಂದು ಮುಟ್ಟಿದವರ ಲೆಕ್ಕ ಎಂಬುದನ್ನು ಮರೆಯಬಾರದು. ಸಿಂದಗಿಯ ಹಳ್ಳಿಯೊಂದರಲ್ಲಿ ಎದೆ ಉರಿಯನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗಿ, ಬೆಳಗಿನ ಬಸ್ಸಿಗೆ ಹೊರಡುವ ರೈತನ ಲೆಕ್ಕವನ್ನು ಬರೆದವರು ಕಡಿಮೆ. ನೀವು ಬರೆದಿದ್ದೀರಿ. ಅದು ಯಾರೂ ತೆರೆಯದ ಜರ್ನಲ್‌ನಲ್ಲಿ ಹೂತುಹೋಗಬಾರದು.

ನಮ್ಮ ಜಿಲ್ಲೆಯ ಹಳ್ಳಿಗಳ ಮಾಹಿತಿಯನ್ನು ಜಗತ್ತು ಓದುವುದಿಲ್ಲ ಎಂದು ಯಾರೂ ತಿಳಿಯಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ 1,620 ಬಾಣಂತಿಯರ ಮೇಲೆ ನಡೆದ, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಹೃದ್ರೋಗದ ವಿಷಯವಲ್ಲದಿದ್ದರೂ ನಿಮ್ಮ ಪರಿಶೀಲಕರ ಮೊದಲ ಪ್ರಶ್ನೆಗೆ ಅದು ನೇರವಾಗಿ ಸಂಬಂಧಿಸಿದೆ. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂ ಸಿಸ್ಟರ್‌ಗಳು ರಕ್ತಸ್ರಾವವನ್ನು ಕಣ್ಣಂದಾಜಿನಲ್ಲಿ ಹೇಳಲಿಲ್ಲ. ಬಾಣಂತಿಯ ಕೆಳಗೆ ಅಳತೆಯ ಗೆರೆಗಳಿರುವ ಚೀಲವುಳ್ಳ ಪ್ಲಾಸ್ಟಿಕ್ ಹಾಸನ್ನು ಹಾಕಿ, ಅದರಲ್ಲಿ ಶೇಖರವಾದ ರಕ್ತವನ್ನು ಅಳೆದು ಬರೆದರು. 500 ಮಿಲಿಲೀಟರ್ ಅಥವಾ ಅದಕ್ಕೂ ಹೆಚ್ಚು ರಕ್ತಸ್ರಾವವಾದವರ ಪ್ರಮಾಣ ಶೇ 12.0ರಿಂದ ಶೇ 6.4ಕ್ಕೆ ಇಳಿದದ್ದನ್ನು ಜಗತ್ತು ನಂಬಿದ್ದರಲ್ಲಿ ಆ ಅಳತೆಯ ಪಾಲು ದೊಡ್ಡದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹೇಗೆ ಅಳೆದಿರಿ ಎಂದು ಕೇಳುವ ಪರಿಶೀಲಕರು ನಿಮ್ಮ ಲೇಖನಕ್ಕೆ ಅಡ್ಡ ನಿಂತವರಲ್ಲ.

ಸಂಖ್ಯಾಶಾಸ್ತ್ರ ಅಧ್ಯಾಪಕಿ, ಬಾಗಲಕೋಟೆ

ಬೆಳಗಾವಿಯ ಸರ್ ಹೇಳಿದ್ದಕ್ಕೆ ನನ್ನ ಕಡೆಯಿಂದ ಕೆಲವು ತಾಂತ್ರಿಕ ಮಾತುಗಳನ್ನು ಸೇರಿಸುತ್ತೇನೆ.

ದನಗಳು ಮನೆಗೆ ಬರುವ ಹೊತ್ತು ಎಂಬುದನ್ನು 6.30 ಎಂದು ಬರೆದರೆ, ಓದುವವರಿಗೆ ಅದು ಗಡಿಯಾರ ನೋಡಿ ಹೇಳಿದ ಸಮಯದಂತೆ ಕಾಣುತ್ತದೆ. ಆ ಹೊತ್ತು ಬೇಸಿಗೆಯಲ್ಲಿ ಒಂದು, ಚಳಿಗಾಲದಲ್ಲಿ ಇನ್ನೊಂದು. ಆದ್ದರಿಂದ ಸಮಯವನ್ನು ಗಡಿಯಾರದಿಂದ ಹೇಳಿದವರು ಎಷ್ಟು ಜನ, ದಿನಚರಿಯ ಗುರುತಿನಿಂದ ಹೇಳಿದವರು ಎಷ್ಟು ಜನ ಎಂಬುದನ್ನು ಮೂಲ ಪ್ರೊಫಾರ್ಮಾ ನೋಡಿ ಬೇರೆ ಬೇರೆ ತೋರಿಸಿ. ನಿಮಿಷದ ಲೆಕ್ಕದ ಬದಲು ಎರಡು ಗಂಟೆಯೊಳಗೆ, ಎರಡರಿಂದ ಆರು, ಆರರಿಂದ ಹನ್ನೆರಡು, ಹನ್ನೆರಡರ ಮೇಲೆ ಎಂಬ ಗುಂಪುಗಳಲ್ಲಿ ಕೊಡಿ. ಚಿಕಿತ್ಸೆಯ ನಿರ್ಧಾರಕ್ಕೂ ಈ ಗಡಿಗಳೇ ಬಳಕೆಯಾಗುತ್ತವೆ. ಆ ಮೇಲೆ ದಿನಚರಿಯ ಗುರುತಿನ ಸಮಯಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ, ಒಂದು ಗಂಟೆ ಮುಂದಕ್ಕೆ ಸರಿಸಿ ಮತ್ತೆ ಲೆಕ್ಕ ಹಾಕಿ. ತೀರ್ಮಾನ ಬದಲಾಗದಿದ್ದರೆ ಅದನ್ನು ಹೇಳಿ. ಬದಲಾದರೆ ಅದನ್ನೂ ಹೇಳಲೇಬೇಕು.

ಎರಡನೆಯ ಪರಿಶೀಲಕರ ಬೇಡಿಕೆಯನ್ನು ಮಾತ್ರ ಹಾಗೆಯೇ ಒಪ್ಪಿಕೊಳ್ಳಬೇಡಿ. ಪರಿಶೀಲಕರು ಕೇಳಿದ್ದನ್ನೆಲ್ಲ ಮಾಡಲೇಬೇಕು ಎಂಬ ನಿಯಮವಿಲ್ಲ. ಕಾರಣ ಕೊಟ್ಟು, ಗೌರವದಿಂದ ನಿರಾಕರಿಸುವ ಹಕ್ಕು ಲೇಖಕರಿಗಿದೆ. ಹೃದ್ರೋಗದ ಸಾಹಿತ್ಯದಲ್ಲೇ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. 1988ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಐಸಿಸ್–2 ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಹೃದಯಾಘಾತವಾದವರಿಗೆ ಆಸ್ಪಿರಿನ್ ಕೊಟ್ಟಾಗ ಐದು ವಾರಗಳಲ್ಲಿ ಹೃದಯ–ರಕ್ತನಾಳದ ಕಾರಣಗಳಿಂದಾದ ಸಾವು ಶೇ 11.8ರಿಂದ ಶೇ 9.4ಕ್ಕೆ ಇಳಿದದ್ದನ್ನು ತೋರಿಸಿದ ಮಹತ್ವದ ಕೆಲಸ ಅದು. ಬಗೆಬಗೆಯ ಗುಂಪುಗಳಾಗಿ ಒಡೆದ ವಿಶ್ಲೇಷಣೆಯನ್ನು ಕೇಳಿದಾಗ, ಆ ಸಂಶೋಧಕರು ರೋಗಿಗಳನ್ನು ಹುಟ್ಟಿದ ರಾಶಿಯ ಪ್ರಕಾರವೂ ವಿಂಗಡಿಸಿ ತೋರಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಪ್ರಯೋಜನವಿಲ್ಲ ಎಂಬಂತೆ ಅಂಕಿಗಳು ಬಂದವು. ಅಷ್ಟು ದೊಡ್ಡ ಅಧ್ಯಯನವನ್ನು ಒಡೆದಾಗಲೇ ಕೇವಲ ಆಕಸ್ಮಿಕದಿಂದ ಇಂಥ ಅಂತರ ಕಾಣಿಸಿಕೊಳ್ಳುವುದಾದರೆ, ಒಂದು ಆಸ್ಪತ್ರೆಯ ರೋಗಿಗಳನ್ನು ನಾಲ್ಕು ತಾಲ್ಲೂಕು, ಮೂರು ವಯೋಮಾನ, ಎರಡು ಲಿಂಗ ಎಂದು ಒಡೆದರೆ ಕೋಷ್ಟಕದ ಪ್ರತಿ ಮನೆಯಲ್ಲಿ ಉಳಿಯುವವರು ಎಷ್ಟು ಜನ? ಮೊದಲೇ ಪ್ರೋಟೋಕಾಲ್‌ನಲ್ಲಿ, ಅಂದರೆ ಅಧ್ಯಯನದ ಯೋಜನೆಯಲ್ಲಿ, ಬರೆದಿದ್ದ ವಿಂಗಡಣೆಯನ್ನು ಮಾತ್ರ ಕೊಡಿ. ಉಳಿದದ್ದನ್ನು ಯಾಕೆ ಕೊಡುತ್ತಿಲ್ಲ ಎಂದು ಒಂದು ಪ್ಯಾರಾದಲ್ಲಿ ಸಂಪಾದಕರಿಗೆ ಬರೆಯಿರಿ.

ನಿವೃತ್ತ ಶಿಕ್ಷಕ, ನಿಪ್ಪಾಣಿ

ನಾನು ವೈದ್ಯನಲ್ಲ. ಇಲ್ಲಿ ನಡೆದಿರುವ ಚರ್ಚೆಯನ್ನು ಓದಿ ಬರೆಯದೆ ಇರಲಾಗಲಿಲ್ಲ. ತಂಬಾಕಿನ ವಖಾರಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ತಮ್ಮ, ಒಂದು ರಾತ್ರಿ ಎದೆನೋವೆಂದು ಎದ್ದು ಕುಳಿತವನು, ಗಾಡಿ ತರುವಷ್ಟರಲ್ಲಿ ಹೋಗಿಬಿಟ್ಟ. ಅವನು ಯಾವ ಆಸ್ಪತ್ರೆಯ ರಿಜಿಸ್ಟರಿನಲ್ಲೂ ಇಲ್ಲ. ಸಾವಿನ ಕಾರಣವನ್ನು ಯಾವ ಡಾಕ್ಟರರೂ ಬರೆದುಕೊಟ್ಟಿಲ್ಲ. ತೀರಿಕೊಂಡವರು ನಿಮ್ಮ ಲೆಕ್ಕದಲ್ಲಿ ಎಲ್ಲಿದ್ದಾರೆ ಎಂದು ಆ ಪರಿಶೀಲಕರು ಕೇಳಿದ್ದನ್ನು ಓದಿದಾಗ, ಎಲ್ಲೋ ದೂರದ ಊರಿನ ಒಬ್ಬರು ನನ್ನ ತಮ್ಮನನ್ನೇ ವಿಚಾರಿಸಿದಂತೆ ಅನ್ನಿಸಿತು. ತಂಗೀ, ಬೇರೆ ಯಾವುದಕ್ಕಲ್ಲದಿದ್ದರೂ ಆ ಒಂದು ಪ್ರಶ್ನೆಗೆ ಉತ್ತರ ಬರೆಯಿರಿ.

ಆದರೆ ನನಗೊಂದು ಸಂಶಯವಿದೆ, ಹಿರಿಯ ಡಾಕ್ಟರರು ಪರಿಹರಿಸಬೇಕು. ಕೋವಿಡ್ ಕಾಲದಲ್ಲಿ ದೊಡ್ಡ ದೊಡ್ಡ ಜರ್ನಲ್‌ಗಳೇ ಲೇಖನಗಳನ್ನು ಹಿಂದಕ್ಕೆ ಪಡೆದವು ಎಂದು ಪತ್ರಿಕೆಯಲ್ಲಿ ಓದಿದ ನೆನಪಿದೆ. ತಜ್ಞರು ಪರಿಶೀಲಿಸಿದ ಮೇಲೂ ಹಾಗಾಗುವುದಾದರೆ, ಆ ಪರಿಶೀಲನೆಯ ಮೇಲೆ ನಮ್ಮಂಥವರು ಎಷ್ಟು ಭರವಸೆ ಇಡಬೇಕು?

ಹೃದ್ರೋಗ ತಜ್ಞ, ಬೆಳಗಾವಿ

ಗುರುಗಳೇ, ನಿಮ್ಮ ತಮ್ಮನ ವಿಷಯ ಓದಿ ಬಹಳ ನೋವಾಯಿತು. ನಿಮ್ಮ ಸಂಶಯ ನ್ಯಾಯವಾದದ್ದು.

ನೀವು ನೆನಪಿಸಿದ ಪ್ರಕರಣದಲ್ಲಿ ಒಂದು ಲೇಖನ ಹೃದ್ರೋಗಕ್ಕೇ ಸಂಬಂಧಿಸಿತ್ತು. ಹೃದ್ರೋಗ, ಅದರ ಔಷಧಗಳು ಮತ್ತು ಕೋವಿಡ್ ಸಾವಿನ ನಡುವಿನ ಸಂಬಂಧದ ಬಗ್ಗೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 2020ರ ಮೇ 1ರಂದು ಪ್ರಕಟಿಸಿದ ಆ ಲೇಖನ, 169 ಆಸ್ಪತ್ರೆಗಳ 8,910 ರೋಗಿಗಳ ಮಾಹಿತಿ ತನ್ನಲ್ಲಿದೆ ಎಂದಿತ್ತು. ಮಾಹಿತಿ ಒದಗಿಸಿದ್ದು ಸರ್ಜಿಸ್ಫಿಯರ್ ಎಂಬ ಕಂಪನಿ. ಹೊರಗಿನ ಸಂಶೋಧಕರು ಪ್ರಶ್ನೆಗಳನ್ನೆತ್ತಿ, ಮೂಲ ಮಾಹಿತಿಯನ್ನು ಸ್ವತಂತ್ರ ತಪಾಸಣೆಗೆ ಕೊಡಲಾಗದೆ ಹೋದಾಗ, ಜೂನ್ 4ರಂದು ಅದನ್ನು ಹಿಂದಕ್ಕೆ ಪಡೆಯಲಾಯಿತು. ಅದೇ ದಿನ ಲ್ಯಾನ್ಸೆಟ್ ಕೂಡ ಅದೇ ಕಂಪನಿಯ ಮಾಹಿತಿಯ ಮೇಲೆ ನಿಂತಿದ್ದ ಇನ್ನೊಂದು ಲೇಖನವನ್ನು ಹಿಂದಕ್ಕೆ ಪಡೆಯಿತು. ಪರಿಶೀಲಕರ ಮುಂದೆ ಸಾಮಾನ್ಯವಾಗಿ ಇರುವುದು ಬರೆದ ಲೇಖನ ಮತ್ತು ಕೋಷ್ಟಕಗಳು. ಕೇಸ್ ಶೀಟುಗಳನ್ನು ತೆರೆದು ನೋಡುವ ಅವಕಾಶ ಅವರಿಗಿರುವುದಿಲ್ಲ. ವಿಧಾನ ಸರಿಯಿದೆಯೇ, ಲೆಕ್ಕ ಹೊಂದುತ್ತದೆಯೇ, ತೀರ್ಮಾನ ಪುರಾವೆಯನ್ನು ಮೀರಿದೆಯೇ ಎಂಬುದನ್ನು ಅವರು ಹಿಡಿಯಬಲ್ಲರು. ಇಲ್ಲದ ರೋಗಿಗಳನ್ನು ಇದ್ದಾರೆಂದು ಬರೆದರೆ ಹಿಡಿಯುವುದು ಕಷ್ಟ.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ, ಯಾಕೆಂದರೆ ಅಲ್ಲಿ ಮೋಸವಿರಲಿಲ್ಲ. ಆಲಿವ್ ಎಣ್ಣೆ, ಬೀಜಗಳಿರುವ ಆಹಾರ ಹೃದ್ರೋಗವನ್ನು ತಡೆಯುತ್ತದೆಯೇ ಎಂದು ಸ್ಪೇನ್‌ನಲ್ಲಿ 7,447 ಜನರ ಮೇಲೆ ನಡೆದ ಪ್ರೆಡಿಮೆಡ್ ಅಧ್ಯಯನ 2013ರಲ್ಲಿ ಪ್ರಕಟವಾಗಿತ್ತು. ಯಾರಿಗೆ ಯಾವ ಆಹಾರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕಾಗಿದ್ದ ಕಡೆ, ಒಂದೇ ಮನೆಯವರಿಗೆ ಒಂದೇ ಆಹಾರ ಕೊಟ್ಟದ್ದು, ಒಂದು ಕೇಂದ್ರದಲ್ಲಿ ಇಡೀ ಕ್ಲಿನಿಕ್‌ಗೆ ಒಂದೇ ಆಹಾರ ಕೊಟ್ಟದ್ದು ಆ ಮೇಲೆ ತಿಳಿದುಬಂತು. 2018ರಲ್ಲಿ ಲೇಖಕರೇ ಹಳೆಯ ಲೇಖನವನ್ನು ಹಿಂದಕ್ಕೆ ಪಡೆದು, ಲೆಕ್ಕವನ್ನೆಲ್ಲ ಮತ್ತೆ ಮಾಡಿ, ಹೊಸದಾಗಿ ಪ್ರಕಟಿಸಿದರು. ಐದು ವರ್ಷಗಳ ಮೇಲೂ ತಿದ್ದಿಕೊಳ್ಳುವ ವ್ಯವಸ್ಥೆ ಇರುವ ಕಡೆಯೇ ನಾನು ನನ್ನ ರೋಗಿಗೆ ಬೇಕಾದ ಮಾಹಿತಿಯನ್ನು ಹುಡುಕುತ್ತೇನೆ. ವಾರದೊಳಗೆ ಪ್ರಕಟಿಸುವವರ ಜರ್ನಲ್‌ನಲ್ಲಿ ಯಾವುದನ್ನೂ ಹಿಂದಕ್ಕೆ ಪಡೆಯುವ ಪ್ರಸಂಗ ಬರುವುದಿಲ್ಲ, ಯಾಕೆಂದರೆ ಅಲ್ಲಿ ಪ್ರಶ್ನೆ ಕೇಳುವವರೇ ಇಲ್ಲ.

ಪ್ರಶ್ನೆ ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎಂ.ಡಿ. ಓದುವ ಎಲ್ಲರೂ ಕಾಸ್ಟ್ ಅಧ್ಯಯನವನ್ನು ಒಮ್ಮೆ ಪೂರ್ತಿ ಓದಬೇಕು. ಹೃದಯಾಘಾತದ ನಂತರ ಹೆಚ್ಚುವರಿ ಬಡಿತಗಳು ಕಾಣುವವರಲ್ಲಿ ಸಾವು ಹೆಚ್ಚು, ಆದ್ದರಿಂದ ಆ ಬಡಿತಗಳನ್ನು ಔಷಧದಿಂದ ಅಡಗಿಸಿದರೆ ಸಾವು ಕಡಿಮೆಯಾಗುತ್ತದೆ ಎಂದು ವೈದ್ಯರು ನಂಬಿದ್ದರು. ಎನ್‌ಕೈನೈಡ್, ಫ್ಲೆಕೈನೈಡ್ ಔಷಧಗಳು ಬಡಿತಗಳನ್ನು ಅಡಗಿಸಿದವು, ಇಸಿಜಿ ಚೆನ್ನಾಗಿ ಕಾಣುತ್ತಿತ್ತು. 1991ರಲ್ಲಿ ಪ್ರಕಟವಾದ ವರದಿಯಲ್ಲಿ ಔಷಧ ಪಡೆದ 755 ಜನರಲ್ಲಿ 63 ಮಂದಿ, ಹುಸಿಗುಳಿಗೆ (ಔಷಧವಿಲ್ಲದ ಮಾತ್ರೆ) ಪಡೆದ 743 ಜನರಲ್ಲಿ 26 ಮಂದಿ ತೀರಿಕೊಂಡಿದ್ದರು. ಒಳ್ಳೆಯ ಮನಸ್ಸಿನಿಂದ, ಒಳ್ಳೆಯ ತರ್ಕದಿಂದ ಕೊಡುತ್ತಿದ್ದ ಔಷಧ ಅದು.

ತಾಲ್ಲೂಕು ಆಸ್ಪತ್ರೆಯ ವೈದ್ಯ, ರಾಮದುರ್ಗ

ಜರ್ನಲ್‌ಗಳು ದೊಡ್ಡ ಆಸ್ಪತ್ರೆಯವರ ವಿಷಯ ಎಂಬ ಭಾವನೆ ನಮ್ಮ ಕಡೆ ಇದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಇಲ್ಲಿಂದ ಬೆಳಗಾವಿಗೆ ಆಂಬ್ಯುಲೆನ್ಸ್‌ನಲ್ಲಿ ಎರಡು ಗಂಟೆಯಾದರೂ ಬೇಕು. ರೋಗಿ ಬಂದ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು, 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವುದು) ಸಾಧ್ಯವಿಲ್ಲದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಇಲ್ಲಿಯೇ ಕೊಟ್ಟು ಕಳಿಸಬೇಕು ಎಂಬ ಮಾರ್ಗಸೂಚಿಯೇ ನಡುರಾತ್ರಿ ನನಗೆ ಧೈರ್ಯ ಕೊಡುವುದು. ಅದರ ಬೇರು 1986ರಲ್ಲಿ ಇಟಲಿಯಿಂದ ಬಂದ ಗಿಸ್ಸಿ ಅಧ್ಯಯನದಲ್ಲಿದೆ. 11,000ಕ್ಕೂ ಹೆಚ್ಚು ರೋಗಿಗಳ ಆ ಅಧ್ಯಯನದಲ್ಲಿ, ನೋವು ಶುರುವಾದ ಒಂದು ಗಂಟೆಯೊಳಗೆ ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಪಡೆದವರಲ್ಲಿ ಆಸ್ಪತ್ರೆಯ ಸಾವು ಶೇ 47ರಷ್ಟು ಕಡಿಮೆಯಾಗಿತ್ತು. ತಡವಾದಷ್ಟೂ ಲಾಭ ಕುಗ್ಗುತ್ತಾ ಹೋಗಿತ್ತು. ಈಗ ರಾಜ್ಯದ ಹೃದಯ ಜ್ಯೋತಿ ಯೋಜನೆಯಲ್ಲಿ ಅದೇ ಬಗೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಮಟ್ಟದಲ್ಲಿ ಉಚಿತವಾಗಿ ಕೊಡಲು ವ್ಯವಸ್ಥೆಯಾಗಿದೆ. ಔಷಧವಿದೆ, ರೋಗಿ ಮಾತ್ರ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂಬುದನ್ನು ಬರೆದ ಲೇಖನ ನನಗೆ ಬೇಕು ಮೇಡಂ, ಇಟಲಿಯದ್ದಲ್ಲ, ನಮ್ಮದೇ ಜಿಲ್ಲೆಗಳದ್ದು.

ಆದ್ದರಿಂದ ಒಂದು ಕೋರಿಕೆ. ಲೇಖನ ಎಲ್ಲರಿಗೂ ಉಚಿತವಾಗಿ ಓದಲು ಸಿಗುವ ಹಾಗೆ ಪ್ರಕಟವಾಗಲಿ. 2025ರ ಜನವರಿಯಿಂದ ಜಾರಿಯಲ್ಲಿರುವ ಒಂದು ರಾಷ್ಟ್ರ ಒಂದು ಚಂದಾದಾರಿಕೆ ಯೋಜನೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ ಇರುವಂಥದ್ದು. ಖಾಸಗಿ ಕಾಲೇಜುಗಳಿಗೂ ನಮ್ಮಂಥ ತಾಲ್ಲೂಕು ಆಸ್ಪತ್ರೆಗಳಿಗೂ ಅದು ತಲುಪಿಲ್ಲ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾದ ಇಂಡಿಯನ್ ಹಾರ್ಟ್ ಜರ್ನಲ್ ಮುಕ್ತವಾಗಿ ಸಿಗುವುದರಿಂದ ನಾನು ಅದನ್ನು ಓದುತ್ತೇನೆ. ಹಣ ಕೊಟ್ಟು ಓದಬೇಕಾದ ಲೇಖನದ ಸಾರಾಂಶ ಮಾತ್ರ ಕಾಣುತ್ತದೆ, ಸಾರಾಂಶ ನೋಡಿ ಚಿಕಿತ್ಸೆ ಮಾಡಲು ಬರುವುದಿಲ್ಲ.

ಸ್ನಾತಕೋತ್ತರ ವಿದ್ಯಾರ್ಥಿನಿ, ವಿಜಯಪುರ

ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ವಂದನೆಗಳು. ಆ ಮೇಲ್‌ಗೆ ಉತ್ತರ ಕೊಡುವುದಿಲ್ಲ. ನಿನ್ನೆ ಗೈಡ್ ಅವರೊಂದಿಗೆ ಮಾತನಾಡಿ, ತಿದ್ದುಪಡಿಗೆ ಹೆಚ್ಚಿನ ಕಾಲಾವಕಾಶ ಕೋರಿ ಸಂಪಾದಕರಿಗೆ ಬರೆದಿದ್ದೇನೆ. ಸಮಯವನ್ನು ಗುಂಪುಗಳಲ್ಲಿ ತೋರಿಸುವ ಕೋಷ್ಟಕವನ್ನು ಶುರು ಮಾಡಿದ್ದೇನೆ.

ನಿಪ್ಪಾಣಿಯ ಸರ್, ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಹಳ್ಳಿಗಳ ಮರಣ ನೋಂದಣಿಯ ವಹಿ ನೋಡಿ, ಅದೇ ಅವಧಿಯಲ್ಲಿ ಮನೆಯಲ್ಲೇ ಹಠಾತ್ತನೆ ತೀರಿಕೊಂಡವರ ಮನೆಗಳಿಗೆ ಹೋಗಿ, ಮನೆಯವರನ್ನು ವಿಚಾರಿಸಿ ಸಾವಿನ ಕಾರಣ ತಿಳಿಯುವ ವಿಧಾನವನ್ನು ಈ ಲೇಖನಕ್ಕೇ ಸೇರಿಸಬಹುದೇ ಎಂದು ಯೋಚಿಸುತ್ತಿದ್ದೇನೆ.

ಸಂಖ್ಯಾಶಾಸ್ತ್ರ ಅಧ್ಯಾಪಕಿ, ಬಾಗಲಕೋಟೆ

ಈ ಲೇಖನಕ್ಕೆ ಸೇರಿಸಬೇಡಿ. ಮನೆಯವರ ಮೌಖಿಕ ಹೇಳಿಕೆಯಿಂದ ಸಾವಿನ ಕಾರಣ ಗುರುತಿಸುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಸಿದ್ಧ ಪ್ರಶ್ನಾವಳಿಯಿದೆ, ಅದನ್ನು ಕೇಳಲು ತರಬೇತಿ ಬೇಕು, ನೈತಿಕ ಸಮಿತಿಯ ಅನುಮತಿಯನ್ನು ಹೊಸದಾಗಿ ಪಡೆಯಬೇಕು. ದುಃಖದಲ್ಲಿರುವ ಮನೆಯ ಬಾಗಿಲನ್ನು ಅನುಮತಿಯಿಲ್ಲದೆ ತಟ್ಟಬಾರದು. ಅದು ಪ್ರತ್ಯೇಕ ಅಧ್ಯಯನವಾಗಲಿ. ಈಗಿನ ಲೇಖನದಲ್ಲಿ ಶೀರ್ಷಿಕೆಯಿಂದಲೇ ಶುರುಮಾಡಿ, 'ಜಿಲ್ಲೆಯ ಹೃದಯಾಘಾತದ ರೋಗಿಗಳು' ಎಂಬುದನ್ನು 'ಆಸ್ಪತ್ರೆಯನ್ನು ಜೀವಂತವಾಗಿ ತಲುಪಿದ ರೋಗಿಗಳು' ಎಂದು ತಿದ್ದಿ. ಬಂದು ಮುಟ್ಟುವಷ್ಟರಲ್ಲಿ ಪ್ರಾಣ ಹೋಗಿದ್ದವರ ನಮೂದು ಕ್ಯಾಜುಯಲ್ಟಿಯ ರಿಜಿಸ್ಟರಿನಲ್ಲಿ ಇರುತ್ತದೆ. ಆ ಸಂಖ್ಯೆಯನ್ನಾದರೂ, ಕಾರಣ ಖಚಿತವಿಲ್ಲ ಎಂಬ ಒಕ್ಕಣೆಯೊಂದಿಗೆ, ಪ್ರತ್ಯೇಕವಾಗಿ ಕೊಡಿ. ಅತಿ ದೂರದ ಹಳ್ಳಿಗಳವರು ಬೇಗ ಬಂದಂತೆ ನಿಮ್ಮ ಕೋಷ್ಟಕದಲ್ಲಿ ಎಲ್ಲಿಯಾದರೂ ಕಂಡರೆ ಸಂಶಯಪಡಿ: ತಡವಾದವರು ಬರುವ ಮೊದಲೇ ತೀರಿಕೊಂಡು, ಬೇಗ ಹೊರಟವರು ಮಾತ್ರ ಲೆಕ್ಕಕ್ಕೆ ಸಿಕ್ಕಿರಬಹುದು.

ತಾಲ್ಲೂಕು ಆಸ್ಪತ್ರೆಯ ವೈದ್ಯ, ರಾಮದುರ್ಗ

ಆ ಪ್ರತ್ಯೇಕ ಅಧ್ಯಯನವನ್ನು ಕೈಗೊಳ್ಳುವುದಾದರೆ ನಮ್ಮ ತಾಲ್ಲೂಕನ್ನೂ ಸೇರಿಸಿಕೊಳ್ಳಿ. ನೈತಿಕ ಸಮಿತಿಯ ಅನುಮತಿ ಪತ್ರ ಬಂದ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿಗಳ ಮೂಲಕ ಬರೆದರೆ ಕ್ಯಾಜುಯಲ್ಟಿ ರಿಜಿಸ್ಟರ್ ಮತ್ತು ಇಸಿಜಿಗಳ ಪ್ರತಿಗಳನ್ನು ರೋಗಿಗಳ ಹೆಸರು ಮರೆಮಾಡಿ ಒದಗಿಸಲು ನನ್ನಿಂದಾದ ಪ್ರಯತ್ನ ಮಾಡುತ್ತೇನೆ. ನಮ್ಮ ರಿಜಿಸ್ಟರಿನಲ್ಲಿ ನೋವು ಶುರುವಾದ ಸಮಯಕ್ಕೆ ಪ್ರತ್ಯೇಕ ಕಾಲಂ ಇಲ್ಲ. ರೋಗಿ ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದುಕೊಳ್ಳಲು ಒಂದು ಕಾಲಂ ಎಳೆಯುವಂತೆ ಇಂದೇ ಸಿಸ್ಟರ್‌ಗೆ ಹೇಳುತ್ತೇನೆ.